ಬುರ್ಯಾತರ ಹೆಸರು ಯುದ್ಧದ ಸುದ್ದಿಯಲ್ಲಿ ಮತ್ತೆ ಮತ್ತೆ ಏಕೆ ಬರುತ್ತದೆ?

ಉಕ್ರೇನ್ ಯುದ್ಧದ ಸುದ್ದಿಯನ್ನು ಆರಂಭದಿಂದ ಓದಿಕೊಂಡು ಬಂದವರಿಗೆ ‘ಬುರ್ಯಾತರು’ ಎಂಬ ಹೆಸರು ಹಲವು ಬಾರಿ ಎದುರಾಗಿರುತ್ತದೆ. 2022ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅಮೆರಿಕದ ಪತ್ರಿಕೆಯೊಂದಕ್ಕೆ ನೀಡಿದ ಸಂದರ್ಶನದಲ್ಲಿ, ರಷ್ಯಾದ ಪಡೆಗಳಲ್ಲಿ ಅತಿ ಕ್ರೂರಿಗಳು ಬಹುಶಃ ಚೆಚೆನ್ನರು, ಬುರ್ಯಾತರಂತಹ ಜನ ಎಂಬರ್ಥದ ಮಾತನಾಡಿದರು. ಮುಂದಿನ ತಿಂಗಳೇ ವ್ಯಾಟಿಕನ್ ಕ್ಷಮೆ ಕೋರಿತು. 2024ರ ಅಕ್ಟೋಬರ್‌ನಲ್ಲಿ ಇನ್ನೂ ವಿಚಿತ್ರವಾದ ಸುದ್ದಿ ಬಂತು. ಉತ್ತರ ಕೊರಿಯಾದ ಸೈನಿಕರನ್ನು ‘ಬುರ್ಯಾತ್ ಬೆಟಾಲಿಯನ್’ ಎಂಬ ಹೆಸರಿನಲ್ಲಿ ರಷ್ಯಾದ ಪಡೆಯೊಳಗೆ ಸೇರಿಸಿಕೊಳ್ಳಲಾಗುತ್ತಿದೆ ಎಂದು ಉಕ್ರೇನಿನ ಮಾಧ್ಯಮಗಳು ವರದಿ ಮಾಡಿದವು. ಉಕ್ರೇನ್ ಗಡಿಯ ರಷ್ಯನ್ ಪ್ರಾಂತ್ಯ ಕುರ್ಸ್ಕ್‌ನಲ್ಲಿ ಸತ್ತ ಕೊರಿಯನ್ನರ ಬಳಿ, ಅವರು ಸೈಬೀರಿಯಾದ ತುವಾ ಗಣರಾಜ್ಯದಲ್ಲಿ ಹುಟ್ಟಿದವರೆಂದು ತೋರಿಸುವ ನಕಲಿ ಗುರುತುಚೀಟಿಗಳು ಸಿಕ್ಕವೆಂದು ಉಕ್ರೇನ್ ಸೇನೆ ಹೇಳಿತು. ಕೊರಿಯನ್ ಸೈನಿಕರು ತನ್ನ ಪರವಾಗಿ ಹೋರಾಡಿದ್ದನ್ನು ಮಾಸ್ಕೋ ಒಪ್ಪಿಕೊಂಡಿದ್ದು 2025ರ ಏಪ್ರಿಲ್‌ನಲ್ಲಿ.

ಸಾವಿನ ಲೆಕ್ಕವೂ ಇದರೊಂದಿಗೆ ಸೇರಿಕೊಂಡಿದೆ. ರಷ್ಯಾದ ಸ್ವತಂತ್ರ ಪತ್ರಕರ್ತರು ಸ್ಮಶಾನ, ಸಂತಾಪ ಸೂಚನೆ, ಸ್ಥಳೀಯ ಸುದ್ದಿಗಳಿಂದ ಹೆಸರು ಹೆಸರಾಗಿ ಕೂಡಿಸುತ್ತಿರುವ ಪಟ್ಟಿಗಳಲ್ಲಿ, ಜನಸಂಖ್ಯೆಗೆ ಹೋಲಿಸಿದರೆ ಅತಿ ಹೆಚ್ಚು ಮಂದಿಯನ್ನು ಕಳೆದುಕೊಂಡ ಪ್ರದೇಶಗಳ ಸಾಲಿನಲ್ಲಿ ತುವಾ ಮತ್ತು ಬುರ್ಯಾತಿಯಾ ಮೊದಲಿನಿಂದಲೂ ಇವೆ. ಹಾಗಾದರೆ ಈ ಜನ ಯಾರು? ರಷ್ಯನ್ನರೇ, ಮಂಗೋಲರೇ? ಯುದ್ಧೋತ್ಸಾಹಿಗಳೇ, ಬಲಿಪಶುಗಳೇ? ಒಂದೇ ಜನಾಂಗದ ಬಗ್ಗೆ ಒಂದು ದಿನ ಕ್ರೂರಿಗಳೆಂದೂ ಮರುದಿನ ಪಾಪದವರೆಂದೂ ಓದಿದರೆ ಗೊಂದಲವಾಗುವುದು ಸಹಜ. ಈ ಗೊಂದಲಕ್ಕೆ ಉತ್ತರ ಬುರ್ಯಾತರ ಸ್ವಭಾವದಲ್ಲಿಲ್ಲ. ಅವರ ನೆಲ ಎಲ್ಲಿದೆ, ಅದನ್ನು ಯಾರು ಯಾವಾಗ ತುಂಡರಿಸಿದರು, ಆ ನೆಲದಲ್ಲಿ ಯಾವ ಕೆಲಸ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದರಲ್ಲಿದೆ.

ಸರೋವರದ ಎರಡು ದಡ

ಬುರ್ಯಾತರು ಮಂಗೋಲ್ ಮೂಲದ ಜನ. ಅವರ ಭಾಷೆ ಮಂಗೋಲಿಯನ್ ಭಾಷೆಗೆ ಹತ್ತಿರದ್ದು. ರಷ್ಯಾದಲ್ಲಿ ಅವರ ಸಂಖ್ಯೆ ಸುಮಾರು 4.6 ಲಕ್ಷ. ಅವರ ನಾಡಿನ ನಟ್ಟನಡುವೆ ಬೈಕಾಲ್ ಸರೋವರವಿದೆ. 636 ಕಿಲೋಮೀಟರ್ ಉದ್ದ, 1,642 ಮೀಟರ್ ಆಳದ ಈ ಸರೋವರದಲ್ಲಿ, ಭೂಮಿಯ ಮೇಲ್ಮೈಯಲ್ಲಿ ಹೆಪ್ಪುಗಟ್ಟದೆ ಉಳಿದಿರುವ ಸಿಹಿನೀರಿನ ಐದನೇ ಒಂದು ಭಾಗ ಅಡಗಿದೆ. ಮುನ್ನೂರಕ್ಕೂ ಹೆಚ್ಚು ನದಿಗಳು ಇದನ್ನು ಸೇರುತ್ತವೆ. ಹೊರಹೋಗುವ ನದಿ ಅಂಗಾರಾ ಒಂದೇ. ಒಳಬರುವ ನೀರಿನ ಸುಮಾರು ಅರ್ಧವನ್ನು ತರುವ ಸೆಲೆಂಗಾ ಹುಟ್ಟುವುದು ಮಂಗೋಲಿಯಾದಲ್ಲಿ.

ಸರೋವರದ ಪೂರ್ವ ಮತ್ತು ದಕ್ಷಿಣಕ್ಕೆ ಹರಡಿರುವುದೇ ಬುರ್ಯಾತಿಯಾ ಗಣರಾಜ್ಯ. ವಿಸ್ತೀರ್ಣ ಸುಮಾರು 3.51 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂದೂಮುಕ್ಕಾಲು ಪಟ್ಟಿಗೂ ಹೆಚ್ಚು. ಜನಸಂಖ್ಯೆ ಹತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಅವರಲ್ಲೂ ಬುರ್ಯಾತರು ಮೂರನೇ ಒಂದು ಭಾಗದಷ್ಟು ಮಾತ್ರ, ಬಹುಪಾಲು ರಷ್ಯನ್ನರೇ. ಉತ್ತರದ ಕಾಡುಗಳಲ್ಲಿ ಎವೆಂಕಿ ಜನರಿದ್ದಾರೆ. ತರ್ಬಗತಾಯ್ ಸುತ್ತಲಿನ ಹಳ್ಳಿಗಳಲ್ಲಿ, ಹದಿನೆಂಟನೇ ಶತಮಾನದಲ್ಲಿ ಗಡೀಪಾರಾಗಿ ಬಂದ ‘ಹಳೆಯ ನಂಬಿಕೆ’ಯ ರಷ್ಯನ್ ಕ್ರೈಸ್ತರು ತಮ್ಮ ಹಾಡು, ಉಡುಗೆಗಳನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ರಾಜಧಾನಿ ಉಲಾನ್-ಉದೆಯಿಂದ ಮಾಸ್ಕೋಗೆ ರೈಲಿನಲ್ಲಿ 5,600 ಕಿಲೋಮೀಟರಿಗೂ ಹೆಚ್ಚು ದೂರ, ಗಡಿಯಾರದಲ್ಲಿ ಐದು ಗಂಟೆಗಳ ಅಂತರ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ಗೆ ರಸ್ತೆಯಲ್ಲಿ ಆರುನೂರು ಕಿಲೋಮೀಟರೂ ಇಲ್ಲ. ಈ ಎರಡು ದೂರಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಎಷ್ಟೋ ಸಂಗತಿಗಳ ಬೇರು ಅಲ್ಲಿದೆ.

ಬುರ್ಯಾತರೆಲ್ಲ ಈ ಗಣರಾಜ್ಯದಲ್ಲೇ ಇಲ್ಲ ಎಂಬುದು ಹೊರಗಿನವರು ಸಾಮಾನ್ಯವಾಗಿ ಗಮನಿಸದ ವಿಷಯ. ಸರೋವರದ ಪಶ್ಚಿಮಕ್ಕೆ ಇರ್ಕುತ್ಸ್ಕ್ ಪ್ರಾಂತ್ಯದ ಉಸ್ತ್-ಒರ್ದಾದಲ್ಲಿ ಒಂದು ಗುಂಪು, ಪೂರ್ವಕ್ಕೆ ಚಿತಾ ನಗರದಾಚೆಯ ಅಗಾ ಹುಲ್ಲುಗಾವಲಿನಲ್ಲಿ ಇನ್ನೊಂದು ಗುಂಪು ಬದುಕುತ್ತಿದೆ. ಪಶ್ಚಿಮದವರು ಆತ್ಮಗಳನ್ನು ಆವಾಹಿಸುವ ಪೂಜಾರಿಗಳ ಶಾಮನ್ ಸಂಪ್ರದಾಯವನ್ನೂ ಕ್ರೈಸ್ತ ಪ್ರಭಾವವನ್ನೂ ಹೆಚ್ಚಾಗಿ ಪಡೆದವರು. ಪೂರ್ವದವರು ಟಿಬೆಟನ್ ಪರಂಪರೆಯ ಬೌದ್ಧರು. ಗಡಿಯಾಚೆ ಮಂಗೋಲಿಯಾದ ಉತ್ತರದಲ್ಲೂ ಚೀನಾದ ಒಳ ಮಂಗೋಲಿಯಾದಲ್ಲೂ ಬುರ್ಯಾತರಿದ್ದಾರೆ. ಒಳ ಮಂಗೋಲಿಯಾದವರಲ್ಲಿ ಹೆಚ್ಚಿನವರ ಹಿರಿಯರು 1917ರ ಕ್ರಾಂತಿಯ ನಂತರದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಹೋದವರು. ಯುದ್ಧ ಬಂದಾಗ ದಕ್ಷಿಣದ ಗಡಿ ದಾಟುವುದು ಈ ಜನಕ್ಕೆ ಹೊಸದಲ್ಲ.

ಗಡಿ ಎಳೆದ ಒಪ್ಪಂದ

ಹದಿನೇಳನೇ ಶತಮಾನದಲ್ಲಿ ತುಪ್ಪಳದ ಬೆನ್ನುಹತ್ತಿ ಬಂದ ಕೊಸಾಕ್ ಪಡೆಗಳು, ಅಂದರೆ ರಷ್ಯಾದ ಗಡಿನಾಡಿನ ಯೋಧರ ಗುಂಪುಗಳು, ಬೈಕಾಲ್ ತಲುಪಿದವು. ಇರ್ಕುತ್ಸ್ಕ್ ಕೋಟೆ 1661ರಲ್ಲಿ ಎದ್ದಿತು. ಇಂದಿನ ಉಲಾನ್-ಉದೆ ಇರುವಲ್ಲಿ 1666ರಲ್ಲಿ ಚಳಿಗಾಲದ ಬಿಡಾರ ಶುರುವಾಯಿತು. ಪಶ್ಚಿಮದ ಬುರ್ಯಾತರು ದಶಕಗಳ ಕಾಲ ಪ್ರತಿರೋಧಿಸಿದರು. ಪೂರ್ವದ ಕೆಲವು ಬುಡಕಟ್ಟುಗಳು ಮಂಗೋಲ್ ಮತ್ತು ಮಂಚು ಒಡೆಯರ ಒತ್ತಡದ ನಡುವೆ ತ್ಸಾರ್ ದೊರೆಯ ರಕ್ಷಣೆಯೇ ವಾಸಿ ಎಂದು ಎಣಿಸಿದವು. ರಷ್ಯಾ ಮತ್ತು ಚೀನಾದ ಚಿಂಗ್ ಸಾಮ್ರಾಜ್ಯ 1727ರ ಕ್ಯಾಖ್ತಾ ಒಪ್ಪಂದದಲ್ಲಿ ಗಡಿರೇಖೆ ನಿಗದಿಪಡಿಸಿದಾಗ, ಅಲ್ಲಿಯವರೆಗೆ ಹಿಂಡುಗಳೊಂದಿಗೆ ಅತ್ತಿತ್ತ ಓಡಾಡುತ್ತಿದ್ದ ಜನ ಎರಡು ಸಾಮ್ರಾಜ್ಯಗಳ ಪ್ರಜೆಗಳಾಗಿ ಬೇರ್ಪಟ್ಟರು. ಕ್ಯಾಖ್ತಾ ಚಹಾ ವ್ಯಾಪಾರದಿಂದ ಶ್ರೀಮಂತವಾಯಿತು. ಬುರ್ಯಾತರು ಗಡಿಯ ಕಾವಲುಗಾರರಾದರು.

ಈ ಕಾವಲು ಕೆಲಸದಿಂದಲೇ ಇಂದಿನ ಒಂದು ವಾದ ಹುಟ್ಟಿದೆ. 1764ರಲ್ಲಿ ನಾಲ್ಕು ಬುರ್ಯಾತ್ ಕೊಸಾಕ್ ದಳಗಳು ರಚನೆಯಾದವು. ಅದೇ ವರ್ಷ ಬುರ್ಯಾತ್ ಬೌದ್ಧರ ಮುಖ್ಯಸ್ಥನಿಗೆ ‘ಪಂಡಿತ ಖಾಂಬೊ ಲಾಮಾ’ ಎಂಬ ಪದವಿಯನ್ನು ಸಾಮ್ರಾಜ್ಯ ಅಧಿಕೃತಗೊಳಿಸಿತು. ಅದಕ್ಕೂ ಮೊದಲು, 1741ರಲ್ಲಿ, ಹನ್ನೊಂದು ದಾತ್ಸಾನ್‌ಗಳಿಗೆ, ಅಂದರೆ ಬೌದ್ಧ ಮಠಗಳಿಗೆ, ಮತ್ತು ನೂರೈವತ್ತು ಲಾಮಾಗಳಿಗೆ ಮನ್ನಣೆ ಸಿಕ್ಕಿತ್ತು. ರಷ್ಯಾದ ಪ್ರಭುತ್ವ ತಮ್ಮ ಧರ್ಮವನ್ನು ಗುರುತಿಸಿತು, ತಾವು ಅದರ ಗಡಿಯನ್ನು ಕಾಯ್ದೆವು, ಸೈನಿಕ ಸೇವೆ ತಮ್ಮ ಪರಂಪರೆ ಎಂದು ಯುದ್ಧವನ್ನು ಬೆಂಬಲಿಸುವ ಬುರ್ಯಾತರು ಹೇಳುತ್ತಾರೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಕಥೆ. ಟ್ರಾನ್ಸ್-ಸೈಬೀರಿಯನ್ ರೈಲುಮಾರ್ಗ ಬಂದಾಗ ಹುಲ್ಲುಗಾವಲುಗಳನ್ನು ರಷ್ಯನ್ ವಲಸಿಗ ರೈತರಿಗೆ ಹಂಚಿದ್ದೂ, 1916ರಲ್ಲಿ ಬುರ್ಯಾತ್ ಗಂಡಸರನ್ನು ದೂರದ ಅರ್ಖಾಂಗೆಲ್ಸ್ಕ್‌ವರೆಗೆ ಯುದ್ಧಕಾಲದ ಕೂಲಿಗೆ ಎಳೆದೊಯ್ದದ್ದೂ ಅದೇ ಪ್ರಭುತ್ವ.

1937: ನಕಾಶೆಯ ಮೇಲಿನ ಕತ್ತರಿ

ಬುರ್ಯಾತರ ಇಪ್ಪತ್ತನೇ ಶತಮಾನವನ್ನು ಅರ್ಥಮಾಡಿಕೊಳ್ಳಲು ಒಂದು ದಿನಾಂಕ ಬೇಕೇ ಬೇಕು: 1937ರ ಸೆಪ್ಟೆಂಬರ್ 26.

ಅದಕ್ಕೂ ಹದಿನಾಲ್ಕು ವರ್ಷ ಮೊದಲು, 1923ರ ಮೇ 30ರಂದು, ಸೋವಿಯತ್ ಸರ್ಕಾರ ಬೈಕಾಲ್‌ನ ಎರಡೂ ದಡಗಳ ಬುರ್ಯಾತರನ್ನು ಸೇರಿಸಿ ‘ಬುರ್ಯಾತ್-ಮಂಗೋಲ್ ಸ್ವಾಯತ್ತ ಗಣರಾಜ್ಯ’ವನ್ನು ಸ್ಥಾಪಿಸಿತ್ತು. ಹಾಗೆ ಮಾಡಲು ಕಾರಣವಿತ್ತು. ಏಷ್ಯಾದ ಬೌದ್ಧ ಜನರಿಗೆ ಕ್ರಾಂತಿಯ ಮಾದರಿಯೊಂದನ್ನು ತೋರಿಸಬೇಕಾಗಿತ್ತು, ಮಂಗೋಲಿಯಾದಲ್ಲಿ ಕೆಲಸ ಮಾಡಬಲ್ಲ, ಎರಡೂ ಲೋಕಗಳನ್ನು ಬಲ್ಲ ವಿದ್ಯಾವಂತರು ಬೇಕಾಗಿದ್ದರು. ಬುರ್ಯಾತ್ ಬುದ್ಧಿಜೀವಿಗಳು ಆ ಪಾತ್ರವನ್ನು ಸಮರ್ಥವಾಗಿ ನಿಭಾಯಿಸಿದರು. 1932ರಲ್ಲಿ ಜಪಾನ್ ಮಂಚೂರಿಯಾದಲ್ಲಿ ತನ್ನ ಕೈಗೊಂಬೆ ರಾಜ್ಯವನ್ನು ನಿಲ್ಲಿಸಿದ ಮೇಲೆ ಮಾಸ್ಕೋದ ಲೆಕ್ಕಾಚಾರ ತಲೆಕೆಳಗಾಯಿತು. ಗಡಿಯಾಚೆಗೆ ಬಂಧುಗಳಿರುವುದು ಅನುಕೂಲವಾಗಿದ್ದುದು ಅಪರಾಧವಾಯಿತು. ಮಂಗೋಲ್ ಜನರನ್ನೆಲ್ಲ ಒಂದುಗೂಡಿಸುವ ಸಂಚು, ಜಪಾನಿನ ಪರ ಬೇಹುಗಾರಿಕೆ ಎಂಬ ಆರೋಪಗಳು ಯಾರ ಮೇಲೆ ಬೇಕಾದರೂ ಬೀಳತೊಡಗಿದವು.

1937ರ ಆ ಆದೇಶ ಗಣರಾಜ್ಯದಿಂದ ಪಶ್ಚಿಮದ ಜಿಲ್ಲೆಗಳನ್ನು ಕತ್ತರಿಸಿ ಇರ್ಕುತ್ಸ್ಕ್‌ಗೆ, ಪೂರ್ವದ ಜಿಲ್ಲೆಗಳನ್ನು ಚಿತಾಕ್ಕೆ ಕೊಟ್ಟಿತು. ಉಸ್ತ್-ಒರ್ದಾ ಮತ್ತು ಅಗಾ ಎಂಬ ಎರಡು ಚಿಕ್ಕ ರಾಷ್ಟ್ರೀಯ ಜಿಲ್ಲೆಗಳು ಹುಟ್ಟಿದ್ದು ಹೀಗೆ, ಒಂದಕ್ಕೊಂದು ತಾಗದಂತೆ, ತಾಯಿ ಗಣರಾಜ್ಯಕ್ಕೂ ತಾಗದಂತೆ. ಸುಮಾರು ಅದೇ ಹೊತ್ತಿಗೆ ಗಣರಾಜ್ಯದ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥ ಮಿಖೇ ಎರ್ಬಾನೊವ್ ಬಂಧನಕ್ಕೊಳಗಾದರು, 1938ರಲ್ಲಿ ಗುಂಡಿಗೆ ಬಲಿಯಾದರು. ಬುರ್ಯಾತ್ ವಿದ್ವಾಂಸ ಬಜಾರ್ ಬರಾದಿನ್ ಅವರನ್ನು 1937ರಲ್ಲೇ ಕೊಲ್ಲಲಾಯಿತು. ದಾತ್ಸಾನ್‌ಗಳು ಒಂದೂ ಉಳಿಯದಂತೆ ಮುಚ್ಚಿದವು. ಸಾಂಪ್ರದಾಯಿಕ ಲಂಬ ಮಂಗೋಲ್ ಲಿಪಿಯನ್ನು ಕೈಬಿಟ್ಟು 1930ರ ದಶಕದ ಆರಂಭದಲ್ಲಿ ಲ್ಯಾಟಿನ್ ಅಕ್ಷರಗಳನ್ನು ತಂದರು, 1939ರಲ್ಲಿ ಅದನ್ನೂ ಬಿಟ್ಟು ಸಿರಿಲಿಕ್ ಹೇರಿದರು. ಒಂದು ದಶಕದೊಳಗೆ ಮೂರು ಲಿಪಿಗಳು. ಅಜ್ಜ ಬರೆದಿಟ್ಟದ್ದನ್ನು ಮೊಮ್ಮಗ ಓದಲಾರದ ಸ್ಥಿತಿ ಬಂದದ್ದು ಹೀಗೆ. 1958ರಲ್ಲಿ ಗಣರಾಜ್ಯದ ಹೆಸರಿನಿಂದ ‘ಮಂಗೋಲ್’ ಎಂಬ ಭಾಗವನ್ನೂ ತೆಗೆದುಹಾಕಲಾಯಿತು. 1970ರ ದಶಕದಲ್ಲಿ ಬುರ್ಯಾತ್ ಮಾಧ್ಯಮದ ಶಾಲಾ ಶಿಕ್ಷಣ ನಿಂತಿತು.

ಈ ವಿಭಜನೆಯ ಪರಿಣಾಮ ಬರೀ ಭಾವನಾತ್ಮಕವಲ್ಲ. ಮೂರು ಕಡೆ ಹಂಚಿಹೋದ ಜನ ಎಲ್ಲಿಯೂ ತಮ್ಮ ಪರವಾಗಿ ಗಟ್ಟಿಯಾಗಿ ಮಾತನಾಡಬಲ್ಲ ಸಂಖ್ಯೆಯಲ್ಲಿ ಉಳಿಯಲಿಲ್ಲ. ಸ್ವಂತ ಗಣರಾಜ್ಯದಲ್ಲೇ ಅಲ್ಪಸಂಖ್ಯಾತರಾಗಿ, ನೆರೆಯ ಎರಡು ಪ್ರಾಂತ್ಯಗಳಲ್ಲಿ ಇನ್ನೂ ಸಣ್ಣ ಅಲ್ಪಸಂಖ್ಯಾತರಾಗಿ ನಿಂತರು.

2008ರ ವಿಲೀನ ಮತ್ತು ದೂರದ ನಿರ್ಧಾರಗಳು

ಸೋವಿಯತ್ ಒಕ್ಕೂಟ ಕುಸಿದ ಮೇಲೆ ಉಸ್ತ್-ಒರ್ದಾ ಮತ್ತು ಅಗಾ ತಮ್ಮದೇ ಶಾಸನಸಭೆ, ಆಡಳಿತ ಮುಖ್ಯಸ್ಥ ಮತ್ತು ಮಾಸ್ಕೋದ ಮೇಲ್ಮನೆಯಲ್ಲಿ ಪ್ರತಿನಿಧಿಗಳನ್ನು ಹೊಂದಿದ ಘಟಕಗಳಾಗಿದ್ದವು. ಪುಟಿನ್ ಆಡಳಿತದಲ್ಲಿ ಸಣ್ಣ ಘಟಕಗಳನ್ನು ದೊಡ್ಡವುಗಳಲ್ಲಿ ಕರಗಿಸುವ ಕೆಲಸ ಶುರುವಾಯಿತು. ಉಸ್ತ್-ಒರ್ದಾದಲ್ಲಿ 2006ರಲ್ಲಿ, ಅಗಾದಲ್ಲಿ 2007ರಲ್ಲಿ ಜನಮತ ನಡೆಯಿತು. ಎರಡೂ ಕಡೆ ವಿಲೀನದ ಪರ ಭಾರಿ ಬಹುಮತ ಬಂತೆಂದು ಘೋಷಿಸಲಾಯಿತು. 2008ರ ಜನವರಿ 1ರಂದು ಉಸ್ತ್-ಒರ್ದಾ ಇರ್ಕುತ್ಸ್ಕ್ ಪ್ರಾಂತ್ಯದೊಳಗೆ ಸೇರಿತು, ಮಾರ್ಚ್ 1ರಂದು ಅಗಾ ಚಿತಾದೊಂದಿಗೆ ಸೇರಿ ‘ಜಬೈಕಾಲ್ಸ್ಕಿ ಕ್ರಾಯ್’ ಎಂಬ ಹೊಸ ಪ್ರಾಂತ್ಯವಾಯಿತು.

ಬಡ ಜಿಲ್ಲೆಗಳಿಗೆ ಅನುದಾನ ಬರುತ್ತದೆ, ರಸ್ತೆಗಳಾಗುತ್ತವೆ, ಎರಡೆರಡು ಆಡಳಿತ ಯಂತ್ರಗಳ ಖರ್ಚು ತಪ್ಪುತ್ತದೆ ಎಂಬುದು ವಿಲೀನದ ಪರವಾದಿಗಳ ಮಾತಾಗಿತ್ತು. ಜನ ಮತ ಹಾಕಿದ್ದರಲ್ಲಿ ಈ ಭರವಸೆಯ ಪಾಲು ಖಂಡಿತ ಇತ್ತು. ಕಳೆದುಕೊಂಡದ್ದೇನು ಎಂಬುದು ನಿಧಾನವಾಗಿ ತಿಳಿಯಿತು. ಅಗಾದಲ್ಲಿ ಬುರ್ಯಾತರು ಬಹುಸಂಖ್ಯಾತರಾಗಿದ್ದರು. ಅಂತಹ ಘಟಕ ರಷ್ಯಾದಲ್ಲಿ ಬೇರೊಂದಿರಲಿಲ್ಲ. ಈಗ ಆ ಜಾಗ ಒಂದು ದೊಡ್ಡ ಪ್ರಾಂತ್ಯದ ಮೂಲೆ.

2018ರಲ್ಲಿ ಬಂದ ಎರಡು ಬದಲಾವಣೆಗಳನ್ನೂ ಇಲ್ಲಿ ಸೇರಿಸಬೇಕು. ರಷ್ಯಾದ ಶಾಲೆಗಳಲ್ಲಿ ಸ್ಥಳೀಯ ಭಾಷೆಗಳ ಕಲಿಕೆಯನ್ನು ಪೋಷಕರ ಇಚ್ಛೆಗೆ ಬಿಡುವ ಕಾನೂನು ಬಂತು. ಕೇಳಿಸಿಕೊಳ್ಳಲು ಉದಾರವಾದ ನಿಯಮ, ಆದರೆ ಪರೀಕ್ಷೆ, ಕಾಲೇಜು, ನೌಕರಿ ಎಲ್ಲವೂ ರಷ್ಯನ್ ಭಾಷೆಯಲ್ಲಿರುವಾಗ ಇಚ್ಛೆ ಯಾವ ಕಡೆ ವಾಲುತ್ತದೆ ಎಂಬುದನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಬುರ್ಯಾತಿಯಾವನ್ನು ಸೈಬೀರಿಯಾ ಆಡಳಿತ ವಲಯದಿಂದ ತೆಗೆದು ದೂರಪ್ರಾಚ್ಯ ವಲಯಕ್ಕೆ ಹಾಕಲಾಯಿತು. ಕೆಲವು ವರದಿಗಳು ಬುರ್ಯಾತಿಯಾವನ್ನು ಸೈಬೀರಿಯಾ ಎಂದೂ ಇನ್ನು ಕೆಲವು ದೂರಪ್ರಾಚ್ಯ ಎಂದೂ ಕರೆಯುವುದಕ್ಕೆ ಕಾರಣ ಇದು.

ಬಡತನ ಎಲ್ಲಿಂದ ಬಂತು

ಬುರ್ಯಾತಿಯಾದಲ್ಲಿ ಚಿನ್ನವಿದೆ, ಪಚ್ಚೆಬಣ್ಣದ ಜೇಡ್ ಕಲ್ಲಿದೆ, ಕಲ್ಲಿದ್ದಲಿದೆ, ಮರವಿದೆ. ಉಲಾನ್-ಉದೆಯ ಕಾರ್ಖಾನೆಯಿಂದ ಮಿ-8 ಮಾದರಿಯ ಹೆಲಿಕಾಪ್ಟರುಗಳು ಹೊರಬರುತ್ತವೆ. ಆದರೂ ರಷ್ಯಾದ ಬಡ ಪ್ರದೇಶಗಳ ಪಟ್ಟಿಯಲ್ಲಿ ಅದರ ಹೆಸರು ಬಿಟ್ಟುಹೋಗುವುದಿಲ್ಲ.

ಜಕಾಮೆನ್ಸ್ಕ್ ಪಟ್ಟಣವನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಮಂಗೋಲಿಯಾ ಗಡಿಯ ಹತ್ತಿರದ ಈ ಊರು ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಮ್ ಗಣಿಯ ಸುತ್ತ ಬೆಳೆಯಿತು. ಸೋವಿಯತ್ ಯುದ್ಧ ಟ್ಯಾಂಕುಗಳ ಉಕ್ಕಿಗೆ ಈ ಲೋಹಗಳು ಬೇಕಾಗಿದ್ದವು. ಮಾರುಕಟ್ಟೆ ವ್ಯವಸ್ಥೆ ಬಂದ ಮೇಲೆ, 1990ರ ದಶಕದಲ್ಲಿ ಗಣಿ ಮುಚ್ಚಿತು. ಕೆಲಸ ಹೋಯಿತು, ವಿಷಕಾರಿ ಗಣಿತ್ಯಾಜ್ಯ ಉಳಿಯಿತು. ಹಳ್ಳಿಗಳಲ್ಲಿ ಸಾಮೂಹಿಕ ಕೃಷಿಕ್ಷೇತ್ರಗಳು ಕುಸಿದು ಕುರಿ, ದನಗಳ ಹಿಂಡುಗಳು ಕರಗಿದವು. ಬೈಕಾಲ್ ದಂಡೆಯ ಊರುಗಳಿಗೆ ಆಧಾರವಾಗಿದ್ದ ಓಮುಲ್ ಮೀನು ಕಡಿಮೆಯಾಗುತ್ತ ಬಂದು 2017ರ ಅಕ್ಟೋಬರ್‌ನಿಂದ ಅದರ ವಾಣಿಜ್ಯ ಮೀನುಗಾರಿಕೆಯನ್ನೇ ನಿಷೇಧಿಸಲಾಯಿತು.

ವಿದ್ಯುತ್ ದರದ ವಿಷಯದಲ್ಲಿ ಅಲ್ಲಿನವರ ಅಸಮಾಧಾನ ಬಹಳ ಹಳೆಯದು, ನ್ಯಾಯವಾದುದೂ ಹೌದು. ಬೈಕಾಲ್‌ನ ನೀರನ್ನು ತಡೆದು 1950ರ ದಶಕದಲ್ಲಿ ಅಂಗಾರಾ ನದಿಗೆ ಇರ್ಕುತ್ಸ್ಕ್ ಅಣೆಕಟ್ಟು ಕಟ್ಟಿದರು. ಸರೋವರದ ಮಟ್ಟ ಸುಮಾರು ಒಂದು ಮೀಟರ್ ಏರಿ ಬುರ್ಯಾತಿಯಾದ ತಗ್ಗು ದಂಡೆಗಳನ್ನು ಕೊರೆಯಿತು. ಆ ಜಲವಿದ್ಯುತ್ತಿನಿಂದ ಇರ್ಕುತ್ಸ್ಕ್‌ಗೆ ರಷ್ಯಾದಲ್ಲೇ ಅಗ್ಗದ ದರ ಸಿಕ್ಕಿತು. ಬುರ್ಯಾತಿಯಾದವರು ಕಲ್ಲಿದ್ದಲು ಸುಟ್ಟು, ಹೆಚ್ಚಿನ ದರ ಕೊಟ್ಟು ದೀಪ ಉರಿಸುತ್ತಾರೆ.

1996ರಲ್ಲಿ ಬೈಕಾಲ್ ವಿಶ್ವ ಪರಂಪರೆಯ ತಾಣವಾಯಿತು. ಸರೋವರದ ಮಟ್ಟಿಗೆ ಇದು ಒಳ್ಳೆಯದೇ. ಆದರೆ ದಂಡೆಯ ಹಳ್ಳಿಗರಿಗೆ ರಸ್ತೆ, ಸ್ಮಶಾನ ಇಂತಹವುಗಳಿಗೂ ಮರ ಕಡಿಯಲಾಗದ ಕಟ್ಟುಪಾಡು ಬಂತು. 2025ರ ಡಿಸೆಂಬರ್‌ನಲ್ಲಿ ರಷ್ಯಾದ ಸಂಸತ್ತು ಈ ಕಟ್ಟುಪಾಡನ್ನು ಕೆಲವು ಉದ್ದೇಶಗಳಿಗಾಗಿ ಸಡಿಲಿಸುವ ಕಾನೂನನ್ನು ಅಂಗೀಕರಿಸಿತು. ಹಳ್ಳಿಗರ ಕಷ್ಟ ತೀರಿಸಲೆಂದು ಸಮರ್ಥಕರು ಹೇಳಿದರು. ದೊಡ್ಡ ಪ್ರವಾಸೋದ್ಯಮಿಗಳಿಗೆ ಬಾಗಿಲು ತೆರೆಯಿತೆಂದು ಪರಿಸರವಾದಿಗಳು ಆಕ್ಷೇಪಿಸಿದರು. ಹಳ್ಳಿಗರ ಕಷ್ಟ ನಿಜ, ಪರಿಸರವಾದಿಗಳ ಭಯವೂ ನಿಜ. ಕಟ್ಟುಪಾಡು ಬಂದದ್ದೂ ಸಡಿಲವಾದದ್ದೂ ಮಾಸ್ಕೋದ ಮೇಜಿನ ಮೇಲೆ.

ಬ್ಯಾರಕ್ಕುಗಳು ಮತ್ತು ಸಂಬಳ

ಈಗ ಯುದ್ಧಕ್ಕೆ ಬರೋಣ. ಚೀನಾ ಗಡಿಯ ಭಯದಿಂದ ಸೋವಿಯತ್ ಕಾಲದಲ್ಲೇ ಈ ಭಾಗದಲ್ಲಿ ಸೇನೆ ದಟ್ಟವಾಗಿ ನೆಲೆಯೂರಿತು. 36ನೇ ಸೇನೆಯ ಕೇಂದ್ರ ಕಚೇರಿ ಉಲಾನ್-ಉದೆಯಲ್ಲಿದೆ. ಟ್ಯಾಂಕುಗಳ 5ನೇ ಬ್ರಿಗೇಡ್, ವಾಯುದಾಳಿಯ 11ನೇ ಬ್ರಿಗೇಡ್ ಅದೇ ನಗರದ ಅಂಚಿನಲ್ಲಿವೆ, ಕ್ಯಾಖ್ತಾದಲ್ಲಿ 37ನೇ ಬ್ರಿಗೇಡ್ ಇದೆ. ಹತ್ತು ಲಕ್ಷ ಜನರೂ ಇಲ್ಲದ ನಾಡಿಗೆ ಇದು ಬಹಳ ದೊಡ್ಡ ಸೇನಾ ಹೊರೆ. ಬೇರೆ ಉದ್ಯೋಗವಿಲ್ಲದ ಯುವಕನಿಗೆ ಮನೆಗೆ ಹತ್ತಿರವಾದ, ಖಾತರಿ ಸಂಬಳದ, ಮುಂದೆ ಮನೆ ಸಾಲವೂ ಸಿಗುವ ಕೆಲಸವೆಂದರೆ ಗುತ್ತಿಗೆ ಸೈನಿಕನ ಕೆಲಸ. ಬುರ್ಯಾತನೂ ಸೇರಿದ, ಅವನ ಪಕ್ಕದ ಮನೆಯ ರಷ್ಯನ್ನನೂ ಸೇರಿದ.

2015ರ ಫೆಬ್ರುವರಿಯಲ್ಲಿ ಪೂರ್ವ ಉಕ್ರೇನಿನ ದೆಬಾಲ್ತ್ಸೆವೆ ಕದನದಲ್ಲಿ 5ನೇ ಬ್ರಿಗೇಡಿನ ಬುರ್ಯಾತ್ ಸೈನಿಕರು ಕಾಣಿಸಿಕೊಂಡರು. ತನ್ನ ಸೇನೆ ಅಲ್ಲಿಲ್ಲ ಎಂದು ಮಾಸ್ಕೋ ಹೇಳುತ್ತಿದ್ದ ಕಾಲವದು. ಏಷ್ಯಾದ ಮುಖಚಹರೆ ಅಲ್ಲಗಳೆಯಲಾಗದ ಸಾಕ್ಷಿಯಾಯಿತು. ‘ಪುಟಿನ್ನರ ಸಮರ ಬುರ್ಯಾತರು’ ಎಂಬ ಅಡ್ಡಹೆಸರು ಅಲ್ಲಿಂದ ಅಂಟಿಕೊಂಡಿತು. 2022ರ ಆರಂಭದಲ್ಲಿ ಜಂಟಿ ಕವಾಯತಿನ ನೆಪದಲ್ಲಿ ರಷ್ಯಾದ ಪೂರ್ವ ಸೇನಾ ವಲಯದ ಪಡೆಗಳನ್ನು ರೈಲುಗಳಲ್ಲಿ ಬೆಲಾರೂಸ್‌ಗೆ ತಂದು, ಫೆಬ್ರುವರಿ 24ರಂದು ಚೆರ್ನೋಬಿಲ್ ದಾರಿಯಾಗಿ ಕೀವ್ ಕಡೆ ನುಗ್ಗಿಸಲಾಯಿತು. ಹೀಗೆ ಬೈಕಾಲ್ ದಂಡೆಯ ಹುಡುಗರು ಕೀವ್ ಸುತ್ತಲಿನ ಹಳ್ಳಿಗಳನ್ನು ತಲುಪಿದರು.

ಬುಚಾ ಪಟ್ಟಣದ ಹತ್ಯಾಕಾಂಡ ಬೆಳಕಿಗೆ ಬಂದಾಗ ಮೊದಲು ಕೇಳಿಬಂದ ಹೆಸರುಗಳಲ್ಲಿ ಬುರ್ಯಾತರದ್ದೂ ಒಂದು. ಮುಂದಿನ ತನಿಖೆಗಳಲ್ಲಿ ಪ್ರಮುಖವಾಗಿ ಕಂಡದ್ದು ಪ್ಸ್ಕೋವ್‌ನ 234ನೇ ವಾಯುದಾಳಿ ರೆಜಿಮೆಂಟ್. ಪ್ಸ್ಕೋವ್ ಇರುವುದು ರಷ್ಯಾದ ಪಶ್ಚಿಮ ತುದಿಯಲ್ಲಿ, ಎಸ್ತೋನಿಯಾದ ಪಕ್ಕ. ಉಕ್ರೇನ್ ಆರೋಪಿಸಿದ 64ನೇ ಬ್ರಿಗೇಡ್ ಖಬಾರೊವ್ಸ್ಕ್ ಕಡೆಯದು. ಬುರ್ಯಾತ್ ಸೈನಿಕರು ಈ ಯುದ್ಧದಲ್ಲಿ ತಪ್ಪೇ ಮಾಡಿಲ್ಲ ಎಂದು ಇದರ ಅರ್ಥವಲ್ಲ. ಆಕ್ರಮಣಕಾರಿ ಸೇನೆಯ ಭಾಗವಾಗಿ ಹೋದವರ ಹೊಣೆ ಅವರದ್ದೇ. ಆದರೆ ಒಂದು ಸೇನೆಯ ಅಪರಾಧವನ್ನು ಅದರೊಳಗಿನ ಅತಿ ಸಣ್ಣ ಜನಾಂಗದ ರಕ್ತಗುಣವೆಂದು ವಿವರಿಸಿದರೆ, ಆದೇಶ ಕೊಟ್ಟವರು ಚರ್ಚೆಯಿಂದಲೇ ಮಾಯವಾಗುತ್ತಾರೆ. ಪೋಪ್ ಮಾತಿನ ದೊಡ್ಡ ದೋಷ ಅದು.

2022ರ ಸೆಪ್ಟೆಂಬರ್ 21ರಂದು ಪುಟಿನ್ ಸೇನಾ ಜಮಾವಣೆಯನ್ನು, ಅಂದರೆ ನಾಗರಿಕರನ್ನು ಕಡ್ಡಾಯವಾಗಿ ಸೇನೆಗೆ ಕರೆಸಿಕೊಳ್ಳುವುದನ್ನು, ಘೋಷಿಸಿದಾಗ ಬುರ್ಯಾತಿಯಾದಲ್ಲಿ ರಾತ್ರೋರಾತ್ರಿ ಮನೆಬಾಗಿಲು ತಟ್ಟಿ ನೋಟಿಸು ಹಂಚಿದ ವರದಿಗಳು ಬಂದವು. ಅನೇಕ ಮಕ್ಕಳ ತಂದೆಯರಿಗೂ ನೋಟಿಸು ಹೋಗಿದ್ದನ್ನು ಗಣರಾಜ್ಯದ ಮುಖ್ಯಸ್ಥ ಅಲೆಕ್ಸೇ ತ್ಸಿದೆನೊವ್ ಒಪ್ಪಿಕೊಳ್ಳಬೇಕಾಯಿತು. ಬಲವಂತ ಒಂದು ಕಡೆಯಾದರೆ ಹಣ ಇನ್ನೊಂದು ಕಡೆ. ಜಮಾವಣೆಯಾದವರಿಗೆ ತಿಂಗಳಿಗೆ ಕನಿಷ್ಠ 1,95,000 ರೂಬಲ್, ಸತ್ತರೆ ಕುಟುಂಬಕ್ಕೆ ಅಧ್ಯಕ್ಷರ ಆದೇಶದಂತೆ 50 ಲಕ್ಷ ರೂಬಲ್. 2024ರ ಜುಲೈ ಕೊನೆಯಿಂದ ಹೊಸದಾಗಿ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಕೇಂದ್ರದಿಂದಲೇ ಒಮ್ಮೆಗೆ 4,00,000 ರೂಬಲ್, ಅದರ ಮೇಲೆ ಪ್ರಾಂತ್ಯದ ಪಾಲು. ಜಕಾಮೆನ್ಸ್ಕ್‌ನಂತಹ ಊರಿನಲ್ಲಿ ಈ ಮೊತ್ತವನ್ನು ಕಾನೂನುಬದ್ಧವಾಗಿ ಇಷ್ಟು ಬೇಗ ದುಡಿಯಲು ಬೇರೆ ದಾರಿಯೇ ಇಲ್ಲ.

ವಾದ, ಪ್ರತಿವಾದ

ಮಾಸ್ಕೋ ಮತ್ತು ಉಲಾನ್-ಉದೆಯ ಅಧಿಕಾರಸ್ಥರ ಪ್ರಕಾರ ಇದು ಬಹುಜನಾಂಗೀಯ ದೇಶದ ಐಕ್ಯ, ಯೋಧ ಪರಂಪರೆಯ ಮುಂದುವರಿಕೆ. ದೇಶ ಬಿಟ್ಟ ಬುರ್ಯಾತ್ ಹೋರಾಟಗಾರರು ಇದನ್ನು ಒಪ್ಪುವುದಿಲ್ಲ. 2022ರ ಮಾರ್ಚ್‌ನಲ್ಲಿ ಹುಟ್ಟಿದ ‘ಫ್ರೀ ಬುರ್ಯಾತಿಯಾ ಫೌಂಡೇಶನ್’ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ ಮೊದಲ ಬುರ್ಯಾತ್ ಸಂಘಟನೆ. ಅದರ ನೇತೃತ್ವ ವಹಿಸಿದ ಪತ್ರಕರ್ತೆ ಅಲೆಕ್ಸಾಂದ್ರಾ ಗರ್ಮಾಜಪೋವಾ ಮತ್ತು ಸಂಗಡಿಗರು, ಮಾಸ್ಕೋದಲ್ಲಿ ಬಾಡಿಗೆ ಮನೆ ಕೇಳಿದರೆ ‘ಸ್ಲಾವ್ ಜನರಿಗೆ ಮಾತ್ರ’ ಎಂಬ ಉತ್ತರ ಕೇಳಿ ಬೆಳೆದ ಪೀಳಿಗೆಯವರು. ತಮ್ಮನ್ನು ಎರಡನೇ ದರ್ಜೆಯವರಂತೆ ಕಾಣುವ ದೇಶ, ಸಾಯುವ ಸರದಿ ಬಂದಾಗ ಮಾತ್ರ ತಮ್ಮವರೆನ್ನುತ್ತದೆ ಎಂಬುದು ಅವರ ನೋವು. ಆ ಸಂಘಟನೆಯನ್ನು ರಷ್ಯಾ 2023ರಲ್ಲಿ ‘ಅನಪೇಕ್ಷಿತ’ ಎಂದು ಘೋಷಿಸಿತು.

ಸಾವಿನ ಪಟ್ಟಿಗಳನ್ನು ಬಿಡಿಸಿ ನೋಡಿದ ಸಂಶೋಧಕರ ಮಾತು ಬೇರೆ. ಬುರ್ಯಾತಿಯಾದಿಂದ ಹೋಗಿ ಸತ್ತವರಲ್ಲಿ ರಷ್ಯನ್ ಹೆಸರುಗಳೂ ದೊಡ್ಡ ಸಂಖ್ಯೆಯಲ್ಲಿವೆ. ಅಂದರೆ ಸಾವನ್ನು ಮೊದಲು ನಿರ್ಧರಿಸುವುದು ವಿಳಾಸ, ಆಮೇಲೆ ಜನಾಂಗ. ಒಟ್ಟು ಸಂಖ್ಯೆಯಲ್ಲಿ ನೋಡಿದರೆ ಹೆಚ್ಚು ಮಂದಿ ಸತ್ತಿರುವುದು ಬಷ್ಕೊರ್ತೊಸ್ತಾನದಂತಹ ದೊಡ್ಡ ಪ್ರದೇಶಗಳಿಂದ. ಮಾಸ್ಕೋದ ಪಾಲು ಅದರ ಜನಸಂಖ್ಯೆಗೆ ಹೋಲಿಸಿದರೆ ತೀರ ಚಿಕ್ಕದು.

ಈ ಮೂರನೇ ವಿವರಣೆ ಅಂಕಿಗಳಿಗೆ ಹೆಚ್ಚು ಹೊಂದುತ್ತದೆ. ಆದರೆ ಅಲ್ಲಿಗೇ ನಿಲ್ಲುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಬಡತನ ಆಕಾಶದಿಂದ ಬೀಳಲಿಲ್ಲ. ಗಣಿ ಎಲ್ಲಿ, ಅಣೆಕಟ್ಟು ಎಲ್ಲಿ, ಬ್ಯಾರಕ್ಕು ಎಲ್ಲಿ ಎಂದು ನಿರ್ಧರಿಸಿದವರು ಬುರ್ಯಾತರಲ್ಲ. ಜನಾಂಗವನ್ನು ಗುರಿಯಿಟ್ಟು ಕೊಲ್ಲಿಸುತ್ತಿದ್ದಾರೆ ಎಂಬ ಆರೋಪಕ್ಕೆ ಪುರಾವೆ ಸಾಲದಿರಬಹುದು. ಆದರೆ ಸಾವಿನ ರಾಜಕೀಯ ಬೆಲೆ ಕಡಿಮೆಯಿರುವ ಕಡೆಯಿಂದ ಸೈನಿಕರನ್ನು ಎತ್ತಲಾಗುತ್ತಿದೆ ಎಂಬುದಕ್ಕೆ ಪುರಾವೆ ಹೇರಳವಾಗಿದೆ.

ಮುಂಡಗೋಡಿನವರೆಗೆ ಬಂದ ಎಳೆ

ಬುರ್ಯಾತ್ ಬೌದ್ಧಧರ್ಮಕ್ಕೂ ಕರ್ನಾಟಕಕ್ಕೂ ನೇರ ಸಂಬಂಧವಿದೆ. ಲಾಸಾ ಬಳಿಯ ದ್ರೆಪುಂಗ್ ಮಹಾವಿಹಾರದ ಗೋಮಾಂಗ್ ವಿದ್ಯಾಲಯ ಶತಮಾನಗಳಿಂದ ಮಂಗೋಲ್, ಬುರ್ಯಾತ್ ಭಿಕ್ಷುಗಳ ಮತ್ತು ರಷ್ಯಾದ ಇನ್ನೊಂದು ಬೌದ್ಧ ಜನಾಂಗವಾದ ಕಲ್ಮಿಕ್ ಭಿಕ್ಷುಗಳ ಕಲಿಕೆಯ ತಾಣ. ಬುರ್ಯಾತ್ ಲಾಮಾ ಅಗ್ವಾನ್ ದೊರ್ಜಿಯೆವ್ ಅಲ್ಲೇ ಓದಿ ಹದಿಮೂರನೇ ದಲೈ ಲಾಮಾ ಅವರ ಆಪ್ತ ಗುರುವಾದರು. ಅವರು ತ್ಸಾರ್ ದೊರೆಯ ಗೂಢಚಾರ ಎಂಬ ಶಂಕೆಯೇ 1903-04ರಲ್ಲಿ ಲಾರ್ಡ್ ಕರ್ಜನ್ ಟಿಬೆಟ್‌ಗೆ ಸೇನೆ ಕಳಿಸಲು ಒಂದು ಕಾರಣ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೌದ್ಧ ದೇವಾಲಯ ಕಟ್ಟಿಸಿದವರೂ ಅವರೇ. 1938ರ ಜನವರಿಯಲ್ಲಿ ಉಲಾನ್-ಉದೆಯ ಸೆರೆಮನೆ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

1959ರ ನಂತರ ಭಾರತಕ್ಕೆ ಬಂದ ಗೋಮಾಂಗ್ ಭಿಕ್ಷುಗಳು ಮೊದಲು ಬಂಗಾಳದ ಬಕ್ಸಾದಲ್ಲಿದ್ದು, ಬಳಿಕ ಉತ್ತರ ಕನ್ನಡದ ಮುಂಡಗೋಡಿನಲ್ಲಿ ವಿದ್ಯಾಲಯವನ್ನು ಮರುಸ್ಥಾಪಿಸಿದರು. 1970ರ ದಶಕದ ಕೊನೆಯಲ್ಲಿ ಅದರ ಮಠಾಧಿಪತಿಯಾಗಿದ್ದ ಅಗ್ವಾನ್ ನಿಮಾ ಹುಟ್ಟಿನಿಂದ ಬುರ್ಯಾತರು. ಸೋವಿಯತ್ ಪತನದ ನಂತರ ಬುರ್ಯಾತ್, ಕಲ್ಮಿಕ್, ತುವಾ ಹುಡುಗರು ಕಲಿಯಲು ಮುಂಡಗೋಡಿಗೆ ಬರತೊಡಗಿದರು.

ಯುದ್ಧ ಈ ಧರ್ಮಬಂಧವನ್ನೂ ಸೀಳಿದೆ. ಬಾಲ್ಯದಿಂದ ಗೋಮಾಂಗ್‌ನಲ್ಲಿ ಕಲಿತ ಕಲ್ಮಿಕ್ ಬೌದ್ಧರ ಮುಖ್ಯಸ್ಥ ತೆಲೊ ತುಲ್ಕು ರಿಂಪೋಚೆ 2022ರಲ್ಲಿ ಯುದ್ಧವನ್ನು ತಪ್ಪೆಂದರು. 2023ರ ಜನವರಿಯಲ್ಲಿ ಅವರನ್ನು ‘ವಿದೇಶಿ ಏಜೆಂಟ್’ ಎಂದು ಘೋಷಿಸಲಾಯಿತು, ಅವರು ಪೀಠ ತೊರೆದರು. 1995ರಿಂದ ಬುರ್ಯಾತ್ ಪಂಡಿತ ಖಾಂಬೊ ಲಾಮಾ ಆಗಿರುವ ದಾಂಬಾ ಅಯುಶೆಯೆವ್ ಸೇನಾ ಕಾರ್ಯಾಚರಣೆಯನ್ನು ಬೆಂಬಲಿಸಿದ್ದಾರೆ. ಬುರ್ಯಾತ್ ಬೌದ್ಧಧರ್ಮ ಟಿಬೆಟನ್ನರಿಂದ ಸ್ವತಂತ್ರವಾದುದು ಎಂಬುದು ಅವರ ಹಳೆಯ ನಿಲುವು. ಅವರ ನಿಲುವಿಗೆ ಇನ್ನೊಂದು ಹಿನ್ನೆಲೆಯೂ ಇದೆ. 1930ರ ದಶಕದಲ್ಲಿ ಒಂದೂ ಉಳಿಯದಂತೆ ಮುಚ್ಚಿಹೋದ ಮಠಗಳು ಪ್ರಭುತ್ವದ ಅನುಮತಿಯಿಂದ 1945ರಲ್ಲಿ ಉಲಾನ್-ಉದೆ ಬಳಿಯ ಇವೊಲ್ಗಿನ್ಸ್ಕ್‌ನಲ್ಲಿ ಮತ್ತೆ ತಲೆಯೆತ್ತಿದವು. ಪ್ರಭುತ್ವ ಮುನಿದರೆ ಏನಾಗುತ್ತದೆ ಎಂಬುದನ್ನು ಆ ಸಂಸ್ಥೆ ಮರೆಯಲಾರದು. ಇದರಿಂದ ಅವರ ಬೆಂಬಲ ಸಮರ್ಥನೀಯವಾಗುವುದಿಲ್ಲ, ಅರ್ಥವಾಗುತ್ತದೆ.

ದಕ್ಷಿಣದ ಗಡಿಯಾಚೆ

ಜಮಾವಣೆಯ ಘೋಷಣೆಯಾದ ದಿನಗಳಲ್ಲಿ ಕ್ಯಾಖ್ತಾದಿಂದ ಮಂಗೋಲಿಯಾದ ಅಲ್ತಾನ್‌ಬುಲಗ್‌ಗೆ ದಾಟುವ ಗಡಿಯಲ್ಲಿ ಉದ್ದನೆಯ ಸಾಲುಗಳು ನಿಂತವು. ಮಂಗೋಲಿಯಾದ ಮಾಜಿ ಅಧ್ಯಕ್ಷ ಎಲ್ಬೆಗ್ದೋರ್ಜ್ ವಿಡಿಯೊ ಸಂದೇಶದಲ್ಲಿ ಬುರ್ಯಾತ್, ತುವಾ, ಕಲ್ಮಿಕ್ ಜನರನ್ನು ತಮ್ಮ ದೇಶಕ್ಕೆ ಬರಮಾಡಿಕೊಂಡರು. ಭಾಷೆ ಬಹುಪಾಲು ಅರ್ಥವಾಗುವ, ವೀಸಾ ಬೇಡದ ದೇಶವದು. ಆದರೆ ಅಲ್ಲಿ ದೀರ್ಘಕಾಲ ನೆಲೆಸಲು ಪರವಾನಗಿ ಬೇಕು, ಉದ್ಯೋಗ ವಿರಳ. ಮಂಗೋಲಿಯಾ ಸರ್ಕಾರಕ್ಕೆ ತನ್ನದೇ ಇಕ್ಕಟ್ಟಿದೆ. ಇಂಧನದ ಬಹುತೇಕ ಪಾಲು ಬರುವುದು ರಷ್ಯಾದಿಂದ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ದೇಶವಾಗಿದ್ದರೂ, 2024ರ ಸೆಪ್ಟೆಂಬರ್‌ನಲ್ಲಿ ಬಂದಿಳಿದ ಪುಟಿನ್ನರನ್ನು ಅದು ಬಂಧಿಸದೆ ಗೌರವದಿಂದ ಬೀಳ್ಕೊಟ್ಟಿತು. ಅಂತಹ ದೇಶ ಬುರ್ಯಾತರಿಗೆ ತಾತ್ಕಾಲಿಕ ನೆರಳಾಗಬಹುದು, ರಾಜಕೀಯ ಆಸರೆಯಾಗುವುದು ಕಷ್ಟ.

ಮುಂದೇನಾಗಬಹುದು

ಗಣರಾಜ್ಯ ರಷ್ಯಾದಿಂದ ಸಿಡಿದು ಹೋಗುತ್ತದೆ ಎಂಬ ಮಾತು ವಿದೇಶಗಳ ಸಮಾವೇಶಗಳಲ್ಲಿ ಕೇಳಿಬರುತ್ತದೆ. ಬುರ್ಯಾತರು ಮೂರನೇ ಒಂದು ಭಾಗವಿರುವ, ಕೇಂದ್ರದ ಅನುದಾನದ ಮೇಲೆ ನಿಂತಿರುವ, ಸೇನೆ ತುಂಬಿರುವ ನಾಡಿನಲ್ಲಿ ಸದ್ಯಕ್ಕೆ ಅದಕ್ಕೆ ನೆಲವಿಲ್ಲ. ಹೆಚ್ಚು ಸಂಭಾವ್ಯವಾದುದು ಸದ್ದಿಲ್ಲದ ಸವೆತ. 4.6 ಲಕ್ಷದ ಸಮುದಾಯದಲ್ಲಿ ದುಡಿಯುವ, ಮದುವೆಯಾಗುವ ವಯಸ್ಸಿನ ಗಂಡಸರ ಸಾವಿನ ಪರಿಣಾಮ ಒಂದು ಪೀಳಿಗೆಯವರೆಗೆ ಉಳಿಯುತ್ತದೆ. ಅದರಲ್ಲೂ ಹೆಚ್ಚಾಗಿ ಹೋಗುತ್ತಿರುವವರು ಹಳ್ಳಿಯವರು. ಬುರ್ಯಾತ್ ಭಾಷೆ ಮನೆಮಾತಾಗಿ ಉಳಿದಿರುವುದೂ ಹಳ್ಳಿಗಳಲ್ಲೇ. 2002ರ ಜನಗಣತಿಯಲ್ಲಿ ಸುಮಾರು 3.7 ಲಕ್ಷವಿದ್ದ ಬುರ್ಯಾತ್ ಭಾಷಿಕರು 2010ರ ಹೊತ್ತಿಗೇ ಸುಮಾರು 2.2 ಲಕ್ಷಕ್ಕೆ ಇಳಿದಿದ್ದರು. ಇತ್ತ ಗಡಿ ದಾಟಿ ಹೋದ ಪತ್ರಕರ್ತರು, ವಿದ್ಯಾರ್ಥಿಗಳು, ಕುಶಲಕರ್ಮಿಗಳಲ್ಲಿ ಎಷ್ಟು ಮಂದಿ ಮರಳುತ್ತಾರೆಂಬುದು ಯುದ್ಧ ಹೇಗೆ ಮುಗಿಯುತ್ತದೆ ಎಂಬುದನ್ನು ಅವಲಂಬಿಸಿದೆ.

ಹಣದ ಪ್ರಶ್ನೆ ಇನ್ನೂ ಹತ್ತಿರದ್ದು. ಸೈನಿಕರ ಸಂಬಳ ಮತ್ತು ಪರಿಹಾರದ ಮೊತ್ತ ಹಳ್ಳಿಗಳಲ್ಲಿ ಮನೆ, ಕಾರುಗಳಾಗಿ ಕಾಣಿಸಿಕೊಂಡಿದೆ. ಕದನ ನಿಂತ ದಿನ ಆ ಹರಿವೂ ನಿಲ್ಲುತ್ತದೆ, ಗಣಿ ಮಾತ್ರ ಮುಚ್ಚಿದಂತೆಯೇ ಇರುತ್ತದೆ. ಮರಳುವ ಮಾಜಿ ಸೈನಿಕರಿಗೆ ಆಡಳಿತದಲ್ಲಿ ಸ್ಥಾನ ಕೊಡುವ ಯೋಜನೆಯನ್ನು ಮಾಸ್ಕೋ ಈಗಾಗಲೇ ನಡೆಸುತ್ತಿದೆ, ಆದರೆ ಅದು ಕೆಲವರಿಗಷ್ಟೇ ಸಾಕಾಗುತ್ತದೆ. 2022ರಲ್ಲಿ ಮರು ಆಯ್ಕೆಯಾದ ತ್ಸಿದೆನೊವ್ ಅವರ ಐದು ವರ್ಷಗಳ ಅವಧಿ 2027ರಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ವಿದ್ಯುತ್ ದರ, ದಂಡೆಯ ಕಾಡು, ಮರಳಿದ ಸೈನಿಕರ ಉದ್ಯೋಗ ಎಂಬ ಮೂರು ವಿಷಯಗಳಲ್ಲಿ ಉಲಾನ್-ಉದೆಗೆ ಎಷ್ಟು ಸ್ವಂತ ಅಧಿಕಾರ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ಯುದ್ಧರಂಗದ ಸುದ್ದಿಗಿಂತ ಬುರ್ಯಾತರ ನಾಳೆಯ ಬಗ್ಗೆ ಹೆಚ್ಚು ತಿಳಿಯುವುದು ಅಲ್ಲಿ.